ಶಿಲೆಯಿಂದ ಕಡತದವರೆಗೆ

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನಾಗಲಿ, 1843ರಲ್ಲಿ ಕಲ್ಲಚ್ಚಿನಲ್ಲಿ ಮೂಡಿದ ‘ಮಂಗಳೂರ ಸಮಾಚಾರ’ವನ್ನಾಗಲಿ ಓದಲು ಲಿಪಿ ಬಲ್ಲವರಿಗೆ ಬೆಳಕೊಂದಿದ್ದರೆ ಸಾಕು. ಗಣಕದ ಕಡತ ಹಾಗಲ್ಲ. ಅದರೊಳಗಿರುವುದು ಅಕ್ಷರವಲ್ಲ, ಅಂಕಿ. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸಂಕೇತಗಳನ್ನು ಗೊತ್ತುಪಡಿಸಿತಾದರೂ, ಬಹುಕಾಲ ನಾವು ಬೇರೆ ಬೇರೆ ಫಾಂಟ್‌ಗಳ ಸಂಕೇತಗಳಲ್ಲಿಯೇ ಬರೆದೆವು. ಆ ಫಾಂಟ್ ಇಲ್ಲದೆಡೆ ಅಂದಿನ ಬರಹ ಇಂದು ಅರ್ಥವಿಲ್ಲದ ಗುರುತುಗಳ ಸಾಲು.

ಡಿಜಿಟಲ್ ಪ್ರತಿಯ ಹಿರಿಮೆಯೂ ಉಂಟು: ವಾಷಿಂಗ್ಟನ್, ಅಟ್ಲಾಂಟಾ, ಕ್ಯಾರೊಲೈನಾಗಳ ಮನೆಗಳಿಗೆ ಅದು ಕ್ಷಣದಲ್ಲಿ ತಲುಪುತ್ತದೆ, ಹಂಚಿದರೂ ಸವೆಯದು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಕನ್ನಡ ಪುಸ್ತಕಗಳನ್ನು ಕಾಪಾಡುತ್ತಿದೆ. ನಮ್ಮ ಹಳೆಯ ಸಂಚಿಕೆಗಳ ಕಡತಗಳನ್ನು ಕಾಪಾಡಬೇಕಾದವರು ನಾವೇ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸೋಣ. ಜೊತೆಗೆ ಒಂದು ಮುದ್ರಿತ ಪ್ರತಿಯನ್ನೂ ಉಳಿಸಿಕೊಳ್ಳೋಣ.