ಮುಂಬಯಿಯ ಯಂತ್ರಶಿಕ್ಷಣದ ಚರಿತ್ರೆಯಲ್ಲಿ ಕನ್ನಡಿಗರು

ಮುಂಬಯಿಯ ಕನ್ನಡಿಗನೆಂದೊಡನೆ ಉಡುಪಿ ಹೋಟೆಲು, ಬ್ಯಾಂಕಿನ ಮೇಜು, ಸರಕಾರಿ ಕಚೇರಿ, ಈ ಮೂರು ಚಿತ್ರಗಳು ನಮ್ಮ ಕಣ್ಣೆದುರು ನಿಲ್ಲುವುದು ವಾಡಿಕೆ. ಲೇತಿನ ಮುಂದೆ ನಿಂತ ಕನ್ನಡಿಗ, ವಿದ್ಯುತ್ ಫಲಕವನ್ನು ಬಿಚ್ಚಿ ದೋಷ ಹುಡುಕುತ್ತಿರುವ ಕನ್ನಡಿಗ ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಆದರೆ ಈ ಮಹಾನಗರದಲ್ಲಿ ಯಂತ್ರವಿದ್ಯೆಯನ್ನು ಕಲಿಸುವ ಏರ್ಪಾಡು ಬೆಳೆದುಬಂದ ಕಥೆಯನ್ನು ನೋಡಿದರೆ, ಅದರ ಮುಖ್ಯ ತಿರುವುಗಳಲ್ಲಿ ನಮ್ಮ ನಾಡಿನ ಮೂವರು ಮಹನೀಯರು ಕಾಣಸಿಗುತ್ತಾರೆ. ಕಾರಖಾನೆಗಳಿಗೆ ಯಂತ್ರಮಾನವನು, ಎಂದರೆ ರೋಬೋಟು, ಕಾಲಿಟ್ಟಿರುವ ಈ ದಿನಗಳಲ್ಲಿ ಆ ಕಥೆಯನ್ನು ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು ಎದ್ದುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಯಂತ್ರಗಳು ಇಂಗ್ಲೆಂಡಿನಿಂದ ಬಂದವು. ಅವನ್ನು ನಡೆಸಲು, ಕೆಟ್ಟರೆ ಸರಿಪಡಿಸಲು ಬಲ್ಲವರೂ ಅಲ್ಲಿಂದಲೇ ಬರಬೇಕಾಯಿತು. ಈ ಪರಾವಲಂಬನೆಯನ್ನು ನೀಗುವ ಉದ್ದೇಶದಿಂದ ೧೮೮೭ರಲ್ಲಿ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ೧೯೨೩ರಲ್ಲಿ ಅದು ಮಾಟುಂಗಾಕ್ಕೆ ಬಂತು. ೧೯೯೭ರಲ್ಲಿ ವೀರಮಾತಾ ಜೀಜಾಬಾಯಿಯವರ ಹೆಸರನ್ನು ಪಡೆದರೂ ಜನರ ಬಾಯಲ್ಲಿ ಅದು ಅಂದಿಗೂ ಇಂದಿಗೂ ವಿ.ಜೆ.ಟಿ.ಐ. ಮಾಟುಂಗಾದ ಕನ್ನಡಿಗರಿಗಂತೂ ಅದು ನೆರೆಮನೆಯಿದ್ದಂತೆ.

ಈ ಕಥೆಯಲ್ಲಿ ಮೊದಲು ಬರುವ ಕನ್ನಡಿಗರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ ಸುಮಾರು ಕಾಲು ಶತಮಾನ ಇಲ್ಲಿ ದುಡಿದರೆಂಬುದು ಬಲ್ಲವರಿಗೆಲ್ಲ ಗೊತ್ತು. ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಮೇಲೆ, ೧೯೨೧-೨೨ರಲ್ಲಿ, ಮುಂಬಯಿ ಸರಕಾರವು ನೇಮಿಸಿದ ತಾಂತ್ರಿಕ ಹಾಗೂ ಕೈಗಾರಿಕಾ ಶಿಕ್ಷಣ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಸಮಿತಿಯಲ್ಲಿ ಭಾರತೀಯ ಸದಸ್ಯರಿಗೂ ಯುರೋಪಿಯನ್ ಸದಸ್ಯರಿಗೂ ಒಮ್ಮತ ಮೂಡಲಿಲ್ಲ. ಕೈಗಾರಿಕೆ ಬೆಳೆದ ಮೇಲೆ ಶಿಕ್ಷಣವೋ, ಶಿಕ್ಷಣ ಕೊಟ್ಟರೆ ಕೈಗಾರಿಕೆಯೋ ಎಂಬುದು ಆ ಕಾಲದ ದೊಡ್ಡ ವಾದ. ವಿಶ್ವೇಶ್ವರಯ್ಯನವರ ಒಲವು ಯಾವ ಕಡೆಗಿತ್ತೆಂಬುದನ್ನು ಅವರು ಮುಂದೆ ಮಾಡಿದ ಕೆಲಸವೇ ಹೇಳುತ್ತದೆ. ಎಂಬತ್ತು ದಾಟಿದ ವಯಸ್ಸಿನಲ್ಲಿ, ೧೯೪೩ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಸ್ಥಾಪನೆಯಾಗುವಂತೆ ಅವರು ಮಾಡಿದರು.

ಎರಡನೆಯವರು ಮಂಗಳೂರಿನ ಬೆನಗಲ್ ಶಿವರಾಯರು. ಅವರ ಅಣ್ಣತಮ್ಮಂದಿರಲ್ಲಿ ಸರ್ ಬಿ. ಎನ್. ರಾಯರು ಸಂವಿಧಾನ ಸಭೆಯ ಸಲಹೆಗಾರರು, ಸರ್ ಬಿ. ರಾಮರಾಯರು ೧೯೪೯ರಿಂದ ೧೯೫೭ರ ವರೆಗೆ ಮುಂಬಯಿಯ ರಿಸರ್ವ್ ಬ್ಯಾಂಕಿನ ಗವರ್ನರರು. ಶಿವರಾಯರು ಪತ್ರಿಕೋದ್ಯಮಿಗಳು, ಕಾರ್ಮಿಕ ಚಳವಳಿಯಲ್ಲಿ ನುರಿತವರು, ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆರಿಸಿಬಂದವರು.

ಆ ಹೊತ್ತಿಗೆ ದೇಶದ ಸ್ಥಿತಿ ಹೀಗಿತ್ತು: ಯುದ್ಧ ಮುಗಿದು ಮನೆಗೆ ಮರಳಿದ ಸೈನಿಕರಿಗೆ ಬದುಕು ಕಲ್ಪಿಸಲೆಂದು ೧೯೪೫ರ ಜುಲೈಯಲ್ಲಿ ಕೇಂದ್ರ ಸರಕಾರವು ಒಂದು ನಿರ್ದೇಶನಾಲಯವನ್ನು ತೆರೆದಿತ್ತು. ದೇಶ ವಿಭಜನೆಯಾದಾಗ ನಿರಾಶ್ರಿತರ ಹೊಣೆಯೂ ಅದರ ಮೇಲೆ ಬಿತ್ತು. ೧೯೫೦ರಲ್ಲಿ ಅದರ ತರಬೇತಿಯ ಬಾಗಿಲು ಎಲ್ಲ ನಾಗರಿಕರಿಗೂ ತೆರೆಯಿತು. ಇಂದಿನ ಐ.ಟಿ.ಐ.ಗಳ ಮೂಲ ಇದೇ. ಈ ವ್ಯವಸ್ಥೆಯನ್ನು ಪರಿಶೀಲಿಸಲು ೧೯೫೨ರಲ್ಲಿ ನೇಮಕವಾದ ಸಮಿತಿಯ ನೇತೃತ್ವವನ್ನು ಶಿವರಾಯರು ವಹಿಸಿದರು. ತರಬೇತಿ ಸಂಸ್ಥೆಗಳ ದೈನಂದಿನ ಆಡಳಿತವನ್ನು ರಾಜ್ಯ ಸರಕಾರಗಳಿಗೆ ಒಪ್ಪಿಸಬೇಕೆಂಬ ಸಮಿತಿಯ ಸಲಹೆ ಜಾರಿಗೆ ಬಂದ ದಿನ ಯಾವುದು? ೧೯೫೬ನೆಯ ಇಸವಿ ನವೆಂಬರ್ ಒಂದು! ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ರಾಜ್ಯದಿಂದ ಹೊರಟು, ದಕ್ಷಿಣ ಕನ್ನಡ ಮದ್ರಾಸಿನಿಂದ ಹೊರಟು ಒಂದೇ ಸೂರಿನಡಿ ಸೇರಿದ ದಿನವೇ ಐ.ಟಿ.ಐ.ಗಳೂ ರಾಜ್ಯಗಳ ಕೈಸೇರಿದವು. ನಾವು ಪ್ರತಿವರ್ಷ ದೀಪ ಹಚ್ಚುವ ದಿನಕ್ಕೆ ಈ ಇನ್ನೊಂದು ಅರ್ಥವೂ ಇದೆಯೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಮುಂದೆ ೧೯೬೧ರ ಅಪ್ರೆಂಟಿಸ್ ಕಾಯಿದೆಯಿಂದ, ಕಲಿಯುವ ಹುಡುಗನಿಗೆ ಕಾರಖಾನೆಯೊಳಗೇ ಭತ್ಯೆ ಪಡೆದು ಕಲಿಯುವ ಹಕ್ಕು ದೊರೆಯಿತು.

ಮೂರನೆಯವರು ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. ೧೯೫೬ರ ಆಗಸ್ಟ್ ೪ರಂದು ಟ್ರಾಂಬೆಯಲ್ಲಿ ಅಪ್ಸರಾ ಅಣುಸ್ಥಾವರ ಚಾಲನೆಗೊಂಡಿತು. ಮರುವರ್ಷವೇ ಡಾ. ಹೋಮಿ ಭಾಭಾ ಅವರ ಆಶಯದಂತೆ ಅಲ್ಲಿ ತರಬೇತಿ ಶಾಲೆಯೊಂದು ಆರಂಭವಾಯಿತು. ಅದನ್ನು ಕಟ್ಟಿ ನಿಲ್ಲಿಸಿದವರು ರಾಮಣ್ಣನವರು. ಇದು ಪದವೀಧರ ವಿಜ್ಞಾನಿಗಳಿಗೂ ಎಂಜಿನಿಯರರಿಗೂ ಏರ್ಪಟ್ಟ ಶಾಲೆ, ಐ.ಟಿ.ಐ. ಅಲ್ಲ, ನಿಜ. ಆದರೆ ಬೇಕಾದ ಮನುಷ್ಯರನ್ನು ಹೊರಗಿನಿಂದ ತರಿಸದೆ ಇಲ್ಲಿಯೇ ತಯಾರುಮಾಡಬೇಕೆಂಬ ತತ್ವ ಎರಡಕ್ಕೂ ಒಂದೇ. ರೋಬೋಟಿನ ಹಿರಿಯಣ್ಣನನ್ನು ಮುಂಬಯಿ ಕಂಡದ್ದೂ ಟ್ರಾಂಬೆಯಲ್ಲಿಯೇ. ವಿಕಿರಣವುಳ್ಳ ವಸ್ತುವನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಆದುದರಿಂದ ದಪ್ಪ ಗೋಡೆಯ ಈಚೆ ನಿಂತು, ವಿಶೇಷ ಗಾಜಿನ ಕಿಟಕಿಯ ಮೂಲಕ ನೋಡುತ್ತ, ಹಿಡಿಕೆಯನ್ನು ಆಡಿಸಿದರೆ ಗೋಡೆಯ ಆಚೆಗಿನ ಲೋಹದ ಕೈ ಹಾಗೆಯೇ ಆಡುವ ಸಾಧನಗಳು ಅಲ್ಲಿ ಬೇಕಾದವು. ಕಾಲಕ್ರಮದಲ್ಲಿ ಅವನ್ನು ಅಲ್ಲಿಯೇ ರಚಿಸುವಷ್ಟು ಪರಿಣತಿಯೂ ಬೆಳೆಯಿತು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ೧೯೬೧ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರಖಾನೆಯಲ್ಲಿ ಯೂನಿಮೇಟ್ ಎಂಬ ಮೊದಲ ಕೈಗಾರಿಕಾ ರೋಬೋಟು, ಅಚ್ಚಿನಿಂದ ಹೊರಬಿದ್ದ ಬಿಸಿ ಲೋಹದ ತುಂಡುಗಳನ್ನು ಎತ್ತಿಡುವ ಕೆಲಸಕ್ಕೆ ನಿಂತಿತು. ಇದರ ಹಿಡಿಕೆಯನ್ನು ಯಾರೂ ಆಡಿಸಬೇಕಾಗಿರಲಿಲ್ಲ. ಒಮ್ಮೆ ಕಲಿಸಿದ ಚಲನೆಗಳನ್ನು ಅದು ನೆನಪಿಟ್ಟು ಪುನಃ ಪುನಃ ಮಾಡುತ್ತಿತ್ತು. ೧೯೬೯ರ ಹೊತ್ತಿಗೆ ಅಮೆರಿಕದಲ್ಲಿ ಪಿ.ಎಲ್.ಸಿ. ಎಂಬ ನಿಯಂತ್ರಣ ಪೆಟ್ಟಿಗೆ ಬಂತು. ಅದಕ್ಕೆ ಮೊದಲು ಯಂತ್ರದ ಸರದಿಯನ್ನು ಬದಲಿಸಬೇಕಾದರೆ ಗೋಡೆಯಷ್ಟಗಲದ ಫಲಕದಲ್ಲಿ ನೂರಾರು ರಿಲೇಗಳ ತಂತಿಗಳನ್ನು ಬಿಚ್ಚಿ ಕಟ್ಟಬೇಕಾಗುತ್ತಿತ್ತು. ಹೊಸ ಪೆಟ್ಟಿಗೆಯಲ್ಲಿ ಸೂಚನೆಗಳನ್ನು ಬದಲಿಸಿದರೆ ಸಾಕು. ಆ ಸೂಚನೆಗಳನ್ನು ಏಣಿಯ ಮೆಟ್ಟಿಲುಗಳಂತೆ, ಹಳೆಯ ರಿಲೇ ನಕ್ಷೆಯ ರೂಪದಲ್ಲಿಯೇ ಬರೆಯುವಂತೆ ಏರ್ಪಾಡು ಮಾಡಿದ್ದು ಜಾಣತನ. ಇದರಿಂದ ಕಾರಖಾನೆಯ ಎಲೆಕ್ಟ್ರೀಷಿಯನ್ನನಿಗೆ ಹೊಸ ವಿದ್ಯೆ ಪರಕೀಯವೆನಿಸಲಿಲ್ಲ. ಇಂದಿನ ತಂತ್ರಜ್ಞನು ಫಿಟ್ಟರನಂತೆ ಬೇರಿಂಗನ್ನು ಕೂಡಿಸಬಲ್ಲವನೂ, ಎಲೆಕ್ಟ್ರೀಷಿಯನ್ನನಂತೆ ನಕ್ಷೆಯನ್ನು ಓದಬಲ್ಲವನೂ, ಸೆನ್ಸರು ಕಳುಹಿಸಿದ ಸಂಕೇತ ಎಲ್ಲಿ ತಪ್ಪಿಹೋಯಿತೆಂದು ಕಂಪ್ಯೂಟರಿನಲ್ಲಿ ಹುಡುಕಬಲ್ಲವನೂ ಆಗಿರಬೇಕು. ಮೂರು ಕಸುಬು ಒಂದೇ ಕೈಗೆ ಬಂದಿದೆ.

ಇನ್ನು ನಮ್ಮ ಸಮಾಜದ ವಿಚಾರ. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮೊದಲಾದವು ಈ ನಗರದಲ್ಲಿ ಮಾಡಿದ ಉಪಕಾರ ಸಣ್ಣದಲ್ಲ. ಹಗಲೆಲ್ಲ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಎಸ್.ಎಸ್.ಸಿ. ಮುಗಿಸಿದರು. ಅವರ ಮುಂದೆ ಎರಡು ಬಾಗಿಲುಗಳಿದ್ದವು: ಒಂದು ಕಚೇರಿಯದು, ಇನ್ನೊಂದು ಐ.ಟಿ.ಐ.ಯದು. ನಮ್ಮ ಹಿರಿಯರ ಮನಸ್ಸು ಹೆಚ್ಚಾಗಿ ಕಚೇರಿಯ ಕಡೆಗೇ ವಾಲಿತು. ಬಿಳಿ ಅಂಗಿ ಕೊಳೆಯಾಗದ ಕೆಲಸವೇ ಮರ್ಯಾದೆಯ ಕೆಲಸವೆಂಬ ಭಾವನೆ ಇಂದಿಗೂ ನಮ್ಮ ಮನೆಗಳಲ್ಲಿ ಇದೆ. ಹೆಣ್ಣು ಕೊಡುವಾಗಲೂ ಅದೇ ಪ್ರಶ್ನೆ ಮೊದಲು ಬರುತ್ತದೆ.

ಆದರೆ ಮೇಜಿನ ಕೆಲಸಕ್ಕೂ ಶಾಶ್ವತತೆ ಎಲ್ಲಿದೆ? ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಕುಳಿತಿರುವ ನನ್ನಂಥವರ ಹಿಂದಿನ ತಲೆಮಾರು ದಪ್ಪ ಲೆಡ್ಜರುಗಳಲ್ಲಿ ಕೈಯಿಂದಲೇ ಬಡ್ಡಿ ಕಟ್ಟುತ್ತಿತ್ತು. ಇಂದು ಆ ಲೆಡ್ಜರುಗಳಿಲ್ಲ. ಪಾಸ್‌ಬುಕ್ಕನ್ನು ಕೂಡ ಯಂತ್ರವೇ ಮುದ್ರಿಸುತ್ತದೆ. ಗಿರಣಿಗಳ ಗತಿಯೂ ನಮಗೆ ಗೊತ್ತೇ ಇದೆ. ೧೯೮೨ರ ಜನವರಿ ೧೮ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಬಹಳ ಮಂದಿಗೆ ಮತ್ತೆ ಆ ಕೆಲಸ ಸಿಗಲಿಲ್ಲ. ಮಗ್ಗವೊಂದನ್ನೇ ಬಲ್ಲವನಿಗೆ ಮಗ್ಗ ನಿಂತಾಗ ಬೇರೆ ದಾರಿ ತೋರಲಿಲ್ಲ. ಕಲಿತದ್ದನ್ನು ಹೊಸ ಕೆಲಸಕ್ಕೆ ತಿರುಗಿಸಿಕೊಳ್ಳುವ ಶಕ್ತಿಯೇ ದುಡಿಯುವವನ ನಿಜವಾದ ಠೇವಣಿ.

ಅಂಥ ಶಿಕ್ಷಣಕ್ಕೆ ದೂರ ಹೋಗಬೇಕಾಗಿಲ್ಲ. ಚುನಾಭಟ್ಟಿಯಲ್ಲಿ, ಐ.ಟಿ.ಐ. ಬೋಧಕರನ್ನು ತಯಾರುಮಾಡಲು ೧೯೬೦ರ ದಶಕದಲ್ಲಿ ಆರಂಭವಾದ ಕೇಂದ್ರೀಯ ಸಂಸ್ಥೆ ಇಂದು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಾಗಿದೆ. ಅಲ್ಲಿಯೇ ಸಮೀಪದಲ್ಲಿ, ವಿದ್ಯುತ್ ಮಾಪನ ಉಪಕರಣಗಳಿಗೆಂದು ೧೯೬೯ರಲ್ಲಿ ಸ್ಥಾಪಿತವಾದ ಐ.ಡಿ.ಇ.ಎಂ.ಐ. ಇದೆ. ಕುರ್ಲಾ, ಮುಲುಂಡ್, ಬೊರಿವಲಿಗಳಲ್ಲಿ ಐ.ಟಿ.ಐ.ಗಳಿವೆ. ಊರಿನ ಕಡೆ ನೋಡಿದರೆ, ಟಾಟಾ ಟೆಕ್ನಾಲಜೀಸ್ ಸಹಯೋಗದಿಂದ ಹೊಸರೂಪ ಪಡೆದ ಕರ್ನಾಟಕದ ೧೫೦ ಸರಕಾರಿ ಐ.ಟಿ.ಐ.ಗಳು ೨೦೨೨ರ ಜೂನ್ ೨೦ರಂದು ಲೋಕಾರ್ಪಣೆಗೊಂಡವು. ಕೈಗಾರಿಕಾ ರೋಬೋಟುಗಳ ತಂತ್ರಜ್ಞನ ಕಸುಬು ಈಗ ಐ.ಟಿ.ಐ.ಗಳ ಪಠ್ಯಕ್ರಮದಲ್ಲಿಯೇ ಸೇರಿದೆ; ಅದಕ್ಕೆ ಹತ್ತನೆಯ ತರಗತಿಯ ತೇರ್ಗಡೆ ಸಾಕು.

ನಮ್ಮ ಸಂಘಗಳು ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಬಹುಮಾನ ಹಂಚುವಾಗ ಶೇಕಡಾವಾರು ಅಂಕಗಳನ್ನು ನೋಡುತ್ತವೆ. ಮುಂದಿನ ರಾಜ್ಯೋತ್ಸವದಲ್ಲಿ ಐ.ಟಿ.ಐ. ಮುಗಿಸಿದ ಹುಡುಗ ಹುಡುಗಿಯರನ್ನೂ ಅದೇ ವೇದಿಕೆಯ ಮೇಲೆ ಕರೆದು ಶಾಲು ಹೊದಿಸಬಾರದೇಕೆ? ರಾತ್ರಿಶಾಲೆಗಳಲ್ಲಿ ಲೆಕ್ಕ, ವ್ಯಾಕರಣ ಕಲಿಸಿದ ಗುಮಾಸ್ತರ ಪರಂಪರೆ ನಮ್ಮದು. ನಿವೃತ್ತರಾದ ನಮ್ಮ ಎಂಜಿನಿಯರರೂ ಫೋರ್‌ಮನ್ನರೂ ವಾರಕ್ಕೊಂದು ಸಂಜೆಯನ್ನು ಸಂಘದ ಕೋಣೆಯಲ್ಲಿ ಕಳೆದು, ಯಾವ ಕಸುಬಿಗೆ ಯಾವ ಅರ್ಜಿ, ಎಲ್ಲಿ ಅಪ್ರೆಂಟಿಸ್ ಜಾಗ ಎಂದು ಮಕ್ಕಳಿಗೆ ತಿಳಿಸಿಕೊಟ್ಟರೆ, ಅದು ವಿಶ್ವೇಶ್ವರಯ್ಯ, ಶಿವರಾಯ, ರಾಮಣ್ಣ ಈ ಮೂವರಿಗೂ ನಾವು ಸಲ್ಲಿಸುವ ಯೋಗ್ಯವಾದ ಕಾಣಿಕೆಯಾದೀತು.