ಅಪವಾದ ಹೊತ್ತ ದುಭಾಷಿ

ಮನೆಯ ರೇಡಿಯೋ ಗರಗರ ಸದ್ದು ಮಾಡತೊಡಗಿದರೆ ನೀವು ಮೊದಲು ಸಂಶಯಪಡುವುದು ಸದ್ದು ಬಂದ ಕಡೆಯನ್ನಲ್ಲವೆ? ದೋಷ ಬೇರೆಡೆ ಇರಬಹುದು. 2008ರಲ್ಲಿ ಗಣಕಯಂತ್ರಗಳ ಲೋಕದಲ್ಲಿ ಇಂಥದೇ ಪ್ರಸಂಗವೊಂದು ನಡೆಯಿತು.

ಗಣಕದ ಕಾರ್ಯವ್ಯವಸ್ಥೆಯ ತಿರುಳಿಗೆ ಕರ್ನಲ್ ಎನ್ನುವರು. ಸಲಕರಣೆಗಳೊಡನೆ ಮಾತನಾಡಲು ಅದಕ್ಕೆ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಲಿನಕ್ಸ್ ಕರ್ನಲ್ಲಿನಲ್ಲಿ ಹೆಚ್ಚಿನ ಡ್ರೈವರುಗಳು ಒಳಮನೆಯಲ್ಲೇ ಓಡಾಡುವುದರಿಂದ ಒಂದರ ತಪ್ಪು ಇಡೀ ಯಂತ್ರವನ್ನು ಕೆಡವಬಲ್ಲುದು. ಆದುದರಿಂದಲೇ ಒಬ್ಬರು ಬರೆದುದನ್ನು ಇತರರು ಪರಿಶೀಲಿಸಿ ಒಳಗೆ ಬಿಡುವ ಪದ್ಧತಿ ಬೆಳೆಯಿತು.

ಆ ವರ್ಷ 2.6.27ನೆಯ ಆವೃತ್ತಿಯ ಪರೀಕ್ಷಾಪ್ರತಿಗಳನ್ನು ಬಳಸಿದ ಕೆಲವರಿಗೆ ಆಘಾತ ಕಾದಿತ್ತು. ಇಂಟೆಲ್ ಸಂಸ್ಥೆಯ ಜಾಲಸಲಕರಣೆಯಲ್ಲಿ, ವಿದ್ಯುತ್ತು ನಿಂತರೂ ಅಳಿಯದ ಸ್ಮೃತಿಯೇ ಕೆಟ್ಟುಹೋಯಿತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೂ ಪ್ರಯೋಜನವಾಗಲಿಲ್ಲ. ಅಪವಾದವೆಲ್ಲ 'ಇ1000ಇ' ಎಂಬ ಡ್ರೈವರಿನ ತಲೆಗೆ ಬಂತು. ತಜ್ಞರು ಅದನ್ನು ಜಾಲಿಸಿ ನೋಡಿದರು. ಕೆಲವು ಲೋಪಗಳು ಸಿಕ್ಕವು, ಅಪರಾಧಿ ಸಿಗಲಿಲ್ಲ.

ಅಕ್ಟೋಬರಿನಲ್ಲಿ ಗುಟ್ಟು ಹೊರಬಿತ್ತು. ಕರ್ನಲ್ಲಿನ ನಡೆಯನ್ನು ಗುರುತಿಸುವ ಎಫ್‌ಟ್ರೇಸ್ ಎಂಬ ಬೇರೊಂದು ಭಾಗ, ತೆರವಾದ ಸ್ಮೃತಿಯ ಹಳೆಯ ವಿಳಾಸಗಳನ್ನು ಮರೆಯದೆ ಅಲ್ಲಿಗೇ ಬರೆಯುತ್ತಿತ್ತು. ಅಷ್ಟರಲ್ಲಿ ಆ ವಿಳಾಸಕ್ಕೆ ಜಾಲಸಲಕರಣೆಯ ಸ್ಮೃತಿ ಒಕ್ಕಲು ಬಂದಿತ್ತು!

2.6.27.1ರಲ್ಲಿ ಆ ಸೌಕರ್ಯವನ್ನು ನಿಲ್ಲಿಸಿದರು. ನಿರಪರಾಧಿಯಾದ ಡ್ರೈವರಿಗೂ ಸ್ಮೃತಿಗೆ ಬೀಗ ಹಾಕುವ ತಿದ್ದುಪಡಿ ಬಂತು. ಮನೆ ಕಟ್ಟಿದವನನ್ನು ಪರೀಕ್ಷಿಸಿದರಷ್ಟೇ ಸಾಲದು, ಹಳೆಯ ಬೀಗದ ಕೈ ಯಾರ ಬಳಿ ಉಳಿದಿದೆಯೆಂದೂ ವಿಚಾರಿಸಬೇಕು. ಪರಿಶೀಲಕರು ಅಂದು ಕಲಿತ ಪಾಠ ಇದು.