ಕಾಗೋಡಿನ ಕೊಳಗ

ಇತಿಹಾಸವೆಂದೊಡನೆ ಅರಸರ ವಂಶಾವಳಿ, ಕಾಳಗ, ದಾನಶಾಸನಗಳೇ ನಮ್ಮ ಮನಸ್ಸಿಗೆ ಬರುವುದು ರೂಢಿ. ಆದರೆ ಬತ್ತವನ್ನಳೆಯುವ ಕೊಳಗವೊಂದು ನಾಡಿನ ಇತಿಹಾಸದಲ್ಲಿ ಪ್ರಮುಖ ಪ್ರಶ್ನೆಯಾಗಿ ನಿಂತ ಪ್ರಸಂಗವೂ ಉಂಟು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹವೇ ಆ ಪ್ರಸಂಗ.

ಅಂದಿನ ಮಲೆನಾಡಿನಲ್ಲಿ ಭೂಮಿಯ ಒಡೆತನ ಕೆಲವರದು, ದುಡಿಮೆ ಹಲವರದು. ಕಾಗೋಡಿನ ಗೇಣಿದಾರರಲ್ಲಿ ದೀವರೇ ಬಹುಸಂಖ್ಯಾತರು. ಅವರು ಗೇಣಿಯನ್ನು ಬತ್ತದ ರೂಪದಲ್ಲಿ ಸಲ್ಲಿಸುತ್ತಿದ್ದರು. ಅದನ್ನಳೆಯುವ ಕೊಳಗ ಮಾತ್ರ ಭೂಮಾಲೀಕರದಾಗಿತ್ತು. ಆ ಕೊಳಗವು ನಿಗದಿತ ಅಳತೆಗಿಂತ ಹಿರಿದೆಂಬುದೇ ರೈತರ ದೂರು. ಕೊಟ್ಟ ಗೇಣಿಗೆ ರಸೀದಿಯಿಲ್ಲ; ಮೇಲಾಗಿ ಬಿಟ್ಟಿ ಚಾಕರಿಯ ಹೊರೆ. ಅಳೆಯುವವನೂ ಪಡೆಯುವವನೂ ಒಬ್ಬನೇ ಆದಲ್ಲಿ ಕೊಡುವವನಿಗೆ ನ್ಯಾಯವೆಲ್ಲಿಯದು?

ಈ ಪ್ರಶ್ನೆಯನ್ನು ಊರೂರಿಗೆ ಕೊಂಡೊಯ್ದವರಲ್ಲಿ ಎಚ್. ಗಣಪತಿಯಪ್ಪನವರು ಅಗ್ರಗಣ್ಯರು. ಶಿಕ್ಷಕ ವೃತ್ತಿಯಲ್ಲಿದ್ದ ಅವರು ಗೇಣಿದಾರರನ್ನು ಒಗ್ಗೂಡಿಸಿ ರೈತ ಸಂಘವನ್ನು ಕಟ್ಟಿದರು. ಸಂಘದ ಬೇಡಿಕೆಗಳು ಅತಿಶಯವಾದುವಲ್ಲ: ಸರ್ಕಾರದ ಮುದ್ರೆಯುಳ್ಳ ಅಳತೆ, ಸಂದ ಗೇಣಿಗೆ ರಸೀದಿ, ಬಿಟ್ಟಿ ದುಡಿಮೆಯ ನಿವಾರಣೆ. ಸತ್ಯಾಗ್ರಹದ ಬಲವು ಅದು ನಡೆದ ದಿನದಂದು ಹುಟ್ಟಿದುದಲ್ಲ. ಒಬ್ಬೊಬ್ಬನೇ ಒಡೆಯನೆದುರು ಕೈಕಟ್ಟಿ ನಿಲ್ಲುತ್ತಿದ್ದವರು ಒಟ್ಟಾಗಿ ಕುಳಿತು ವಿಚಾರಮಾಡಲು ತೊಡಗಿದ ಕಾಲದಲ್ಲಿಯೇ ಅದು ಹುಟ್ಟಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಹಿರಿಯ ಕೊಳಗದಲ್ಲಿ ಗೇಣಿ ಅಳೆಯಲು ರೈತರು ಒಪ್ಪಲಿಲ್ಲ. ಹೊಲಗದ್ದೆಗಳನ್ನು ಅವರಿಗೆ ಉಳಲು ಬಿಡಲು ಭೂಮಾಲೀಕರೂ ಒಪ್ಪಲಿಲ್ಲ. 1951ರ ಏಪ್ರಿಲ್ ತಿಂಗಳಲ್ಲಿ ರೈತರು ನೇಗಿಲು ಹೂಡಿ ಗದ್ದೆಗಿಳಿದರು; ಬಂಧನಕ್ಕೊಳಗಾದರು. ಒಂದು ತಂಡ ಸೆರೆಮನೆಗೆ ಹೋದೊಡನೆ ಮತ್ತೊಂದು ತಂಡ ಗದ್ದೆಗಿಳಿಯಿತು. ಸಮಾಜವಾದಿ ಪಕ್ಷವು ಚಳವಳಿಯನ್ನು ಕೈಗೆತ್ತಿಕೊಂಡಿತು. ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಸತ್ಯಾಗ್ರಹದಲ್ಲಿ ಭಾಗಿಗಳಾಗಿ ಬಂಧಿತರಾದರು. ಮಲೆನಾಡಿನ ಒಂದು ಹಳ್ಳಿಯ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು.

ಫಲವೇನಾಯಿತು? ರೈತರು ಬೇಡಿದುದೆಲ್ಲ ಅಂದೇ ಕೈಗೂಡಲಿಲ್ಲ. ಆ ವರ್ಷದ ಲೆಕ್ಕವನ್ನಷ್ಟೇ ನೋಡುವವರು ಇದನ್ನು ಸೋಲೆಂದೇ ಬಗೆದಾರು. ಆದರೆ 1952ರ ಪ್ರಥಮ ಮಹಾಚುನಾವಣೆಯಲ್ಲಿ ಇದೇ ಸೀಮೆಯ ಮತದಾರರು ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಆರಿಸಿ ಕಳುಹಿಸಿದರು. ಗದ್ದೆಯ ಬದುವಿನ ಮೇಲೆ ಕೇಳಿಬಂದ ದನಿ ಶಾಸನಸಭೆಯನ್ನು ಪ್ರವೇಶಿಸಿತು. 1961ರಲ್ಲಿ ಭೂಸುಧಾರಣಾ ಶಾಸನ ಬಂದಿತು. ದೇವರಾಜ ಅರಸರ ಆಡಳಿತದಲ್ಲಿ ಅದಕ್ಕಾದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರನು ಭೂನ್ಯಾಯಮಂಡಳಿಯ ಮುಂದೆ ತನ್ನ ಉಳುಮೆಯ ಹಕ್ಕನ್ನು ಸಾಧಿಸಿ ಭೂಮಿಯ ಒಡೆಯನಾಗಲು ದಾರಿಯಾಯಿತು. ಗೋಪಾಲಗೌಡರು ಮಾತ್ರ 1972ರಲ್ಲಿಯೇ ಕಾಲವಾಗಿದ್ದರು. ಆ ದಿನವನ್ನು ಅವರು ಕಾಣಲಿಲ್ಲ.

ಶಾಸನವೊಂದಕ್ಕೆ ಕಾರಣಗಳು ಹಲವು. ಕಾಗೋಡೊಂದೇ ಅದನ್ನು ತಂದಿತೆನ್ನುವುದು ಅತಿಶಯೋಕ್ತಿಯಾದೀತು. ಆದರೂ ಕಾನೂನು ಬರುವುದಕ್ಕೆ ಇಪ್ಪತ್ತಮೂರು ವರ್ಷಗಳ ಮುನ್ನವೇ ಅಕ್ಷರವರಿಯದ ಅನೇಕ ರೈತರು ಅದರ ನ್ಯಾಯವನ್ನು ಅರಿತಿದ್ದರು, ಅದಕ್ಕಾಗಿ ಸೆರೆಮನೆಯನ್ನೂ ಕಂಡಿದ್ದರು. ಮತಪೆಟ್ಟಿಗೆಯೊಂದೇ ಪ್ರಜಾಪ್ರಭುತ್ವವಲ್ಲ, ನಮ್ಮನ್ನು ಅಳೆಯುವ ಅಳತೆ ಸರಿಯೇ ಎಂದು ಒಟ್ಟಾಗಿ ಕೇಳುವ ಧೈರ್ಯವೂ ಅದರ ಬುನಾದಿ. ಕಾಗೋಡಿನ ರೈತರು ನಾಡಿಗೆ ಬಿಟ್ಟುಹೋದ ಪಾಠವಿದು.